‘ಹಾರ್ಟ್ ವೀಕ್ ಆಗೇತಿ, ಎಬ್ಬಸಬ್ಯಾಡ್ರಿ’: ಇ.ಎಫ್. 30 ಇರುವವರನ್ನು ನಡೆಸುವ ಬಗೆ

ಪ್ರಶ್ನೆ: ಹಾವೇರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನಲ್ಲಿ ನಾನು ಶುಶ್ರೂಷಾಧಿಕಾರಿ. ನಮ್ಮಲ್ಲಿಗೆ ಬರುವ 56 ವರ್ಷದ ರೈತರೊಬ್ಬರಿಗೆ ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್., ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಪಾಲು, 30%. ಮೂರು ವಾರದ ಕೆಳಗೆ ಕಾಲು ಬಾತು, ರಾತ್ರಿ ಉಸಿರು ಸಿಕ್ಕದೆ ಮತ್ತೆ ದಾಖಲಾಗಿ ಆರನೇ ದಿನ ಮನೆಗೆ ಬಂದರು. ಈಗ ಕಾಲಲ್ಲಿ ಊತವಿಲ್ಲ. ಬಿಪಿ 98/64, ನಾಡಿ 74, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ಅಂಕಿ) 1.2, ಪೊಟ್ಯಾಸಿಯಂ 4.6. ಮೆಟೊಪ್ರೊಲಾಲ್ 25, ರಾಮಿಪ್ರಿಲ್ 2.5, ಸ್ಪೈರೊನೊಲ್ಯಾಕ್ಟೋನ್ 25, ಡಪಾಗ್ಲಿಫ್ಲೋಜಿನ್ 10, ಫ್ಯುರೊಸೆಮೈಡ್ 40 ಮಿ.ಗ್ರಾಂ, ಜತೆಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಸ್ಟ್ಯಾಟಿನ್. ಆದರೂ ಬಚ್ಚಲಿಗೆ ಹೋಗಿಬಂದರೆ ಏದುಸಿರು. ಹೆಂಡತಿ ‘ಹಾರ್ಟ್ ವೀಕ್ ಆಗೇತ್ರಿ, ಎಬ್ಬಸಬ್ಯಾಡ್ರಿ ಅಂದಾರ’ ಎಂದು ಎಲ್ಲವನ್ನೂ ಮಂಚದ ಮೇಲೆಯೇ ಮಾಡಿಸುತ್ತಾರೆ. ಬಸ್ಸಿನಲ್ಲಿ ಬರುವ ದಿನ ಮೂತ್ರದ ಗುಳಿಗೆ (ಫ್ಯುರೊಸೆಮೈಡ್) ನುಂಗುವುದಿಲ್ಲ. ನಮ್ಮಲ್ಲಿ ಟ್ರೆಡ್‌ಮಿಲ್ ಇಲ್ಲ, ನಡೆಯುವಾಗ ಹೃದಯದ ಲಯವನ್ನು ದೂರದಿಂದಲೇ ನೋಡುವ ಟೆಲಿಮೆಟ್ರಿ ಇಲ್ಲ. ಇಂಥವರನ್ನು ನಡೆಸಬಹುದೇ, ಎಷ್ಟು? ಬಿಪಿ 98 ಇರುವಾಗ ರಾಮಿಪ್ರಿಲ್ ನಿಲ್ಲಿಸಬೇಕೇ? ನೀರು, ಉಪ್ಪು ಎಷ್ಟು ಹೇಳಲಿ? ಮುಂಗಾರು ಬಿತ್ತಿಗೆಗೆ ಹೊಲಕ್ಕೆ ಹೋಗಲೇ ಎಂದು ಅವರೇ ಕೇಳುತ್ತಿದ್ದಾರೆ.

ಉತ್ತರ: ನಡೆಸಬಹುದು. ಇವರದು ಹೃದಯ ವೈಫಲ್ಯ, ಅಂದರೆ ಹೃದಯ ಬೇಕಾದಷ್ಟು ರಕ್ತ ತಳ್ಳಲಾಗದ ಸ್ಥಿತಿ. ಮೈಯಲ್ಲಿ ನೀರು ನಿಂತಿಲ್ಲ ಎಂದು ಖಾತ್ರಿಯಾದ ದಿನದಿಂದಲೇ ನಡೆಸಬೇಕು. ಈಗಿನ ಏದುಸಿರಿಗೆ ಆ ಮಂಚವೂ ಒಂದು ದೊಡ್ಡ ಕಾರಣ ಇರಬಹುದು.

ಪತ್ರದಲ್ಲಿ ಬರೆಯದೆ ಬಿಟ್ಟ ಪ್ರಶ್ನೆಯೊಂದು ನನಗೆ ಕಾಣುತ್ತಿದೆ: ನಮ್ಮ ಕಾರಿಡಾರಿನಲ್ಲಿ ನಡೆಸುವಾಗ ಅವರು ಕುಸಿದುಬಿದ್ದರೆ ಹೊಣೆ ಯಾರದು? ಸುಮ್ಮನೆ ತಳ್ಳಿಹಾಕುವ ಭಯವಲ್ಲ ಅದು. ಇ.ಎಫ್. 35ರ ಒಳಗಿರುವವರಲ್ಲಿ ಹಠಾತ್ ಲಯತಪ್ಪಿನ ಅಪಾಯ ನಿಜಕ್ಕೂ ಇದೆ. ಆದರೆ ಆ ಅಪಾಯ ಮಂಚದ ಮೇಲೂ ಇದೆ. ನಡಿಗೆಯಿಂದ ಅದು ಹೆಚ್ಚುತ್ತದೆಯೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. 2009ರಲ್ಲಿ ಪ್ರಕಟವಾದ ಎಚ್‌ಎಫ್-ಆ್ಯಕ್ಷನ್ ಅಧ್ಯಯನದಲ್ಲಿ ಇ.ಎಫ್. 35% ಅಥವಾ ಅದಕ್ಕೂ ಕಡಿಮೆ ಇದ್ದ 2,331 ಜನ ಇದ್ದರು. ಅರ್ಧದಷ್ಟು ಜನರಿಗೆ 36 ಸಲ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿ, ಮುಂದೆ ಮನೆಯಲ್ಲಿ ಮುಂದುವರಿಸಲು ಹೇಳಿದರು. ವ್ಯಾಯಾಮದ ಗುಂಪಿನಲ್ಲಿ ಅನಾಹುತ ಹೆಚ್ಚಲಿಲ್ಲ. ಸಾವು ಮತ್ತು ಆಸ್ಪತ್ರೆ ದಾಖಲೆಯ ಲೆಕ್ಕದಲ್ಲಿ ಸಿಕ್ಕ ಲಾಭ ಮಾತ್ರ ಸಣ್ಣದು. ರೋಗದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲಷ್ಟೇ ಅದು ಎದ್ದು ಕಂಡಿತು. ದಿನನಿತ್ಯದ ಬದುಕು ಸುಧಾರಿಸಿದ್ದು ಸ್ಪಷ್ಟವಿತ್ತು. ಹಾಗಾಗಿ ‘ನಡೆದರೆ ಇ.ಎಫ್. ಏರುತ್ತದೆ’ ಎಂದು ಮನೆಯವರಿಗೆ ಆಸೆ ತೋರಿಸಬೇಡಿ. ಏರಿದರೆ ಬಹುಮಟ್ಟಿಗೆ ಔಷಧಗಳಿಂದ ಏರುತ್ತದೆ. ನಡಿಗೆಯಿಂದ ಸಿಗುವುದು ಕಾಲಿನ ಬಲ, ಬಚ್ಚಲಿಗೆ ಹೋಗಿಬರುವ ಉಸಿರು.

ಇ.ಎಫ್. ಎಂಬ ಅಂಕಿಯೇ ಅರ್ಧ ಭಯ ಹುಟ್ಟಿಸುತ್ತದೆ. ನೂರಕ್ಕೆ ಮೂವತ್ತು ಎಂದಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಎಸ್ಸೆಸ್ಸೆಲ್ಸಿ. ಬಹುಕಾಲ ಅಲ್ಲಿ ಮೂವತ್ತೈದಕ್ಕೆ ಪಾಸು, ಮೂವತ್ತಕ್ಕೆ ನಪಾಸು ಎಂಬ ಲೆಕ್ಕವಿತ್ತು. ಆರೋಗ್ಯವಂತರ ಹೃದಯವೂ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಸುಮಾರು 55ರಿಂದ 70 ಪಾಲನ್ನಷ್ಟೇ ಹೊರಗೆ ತಳ್ಳುತ್ತದೆ, ನೂರಕ್ಕೆ ನೂರು ಯಾರದೂ ಇಲ್ಲ. ಇ.ಎಫ್. 30 ಇದ್ದೂ ಎರಡು ಕಿಲೋಮೀಟರ್ ನಡೆಯುವವರಿದ್ದಾರೆ, 45 ಇದ್ದೂ ಮೆಟ್ಟಿಲು ಹತ್ತಲಾರದವರಿದ್ದಾರೆ. ಒಬ್ಬರು ಎಷ್ಟು ನಡೆಯಬಲ್ಲರು ಎಂಬುದನ್ನು ಇ.ಎಫ್. ಹೇಳುವುದಿಲ್ಲ, ನಡೆಸಿಯೇ ನೋಡಬೇಕು.

‘ದಣಿದ ಹೃದಯಕ್ಕೆ ವಿಶ್ರಾಂತಿ’ ಎಂಬ ನಂಬಿಕೆ ಹಳ್ಳಿಯ ಮೌಢ್ಯವೇನೂ ಅಲ್ಲ. ಕಳೆದ ಶತಮಾನದ ನಡುಗಾಲದವರೆಗೆ ದೊಡ್ಡ ವೈದ್ಯರೇ ಅಟ್ಯಾಕ್ ಆದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದ್ದೇ ಅಂದಿಗೆ ದೊಡ್ಡ ಧೈರ್ಯ. 1966ರಲ್ಲಿ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಇರಿಸಿದಾಗ ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಪರೀಕ್ಷಿಸಿದರೆ, ಮೂವತ್ತು ವರ್ಷದ ಮುಪ್ಪು ಮಾಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ಹೆಚ್ಚಿತ್ತು. ನಿಮ್ಮ ರೋಗಿ ಮಲಗಿಯೂ ಮೂರು ವಾರವೇ ಆಗಿದೆ, ಅದೂ ಮೊದಲೇ ಬಳಲಿದ ಹೃದಯದೊಂದಿಗೆ.

ಒಳಗೆ ನಡೆಯುವುದು ಇಷ್ಟು. ಹೃದಯ ಕಡಿಮೆ ರಕ್ತ ಕಳಿಸಿದಾಗ, ಬಂದ ರಕ್ತದಿಂದಲೇ ಹೆಚ್ಚು ಆಮ್ಲಜನಕ ಹೀರಿಕೊಂಡು ಸರಿದೂಗಿಸುವ ಕೆಲಸ ಕಾಲಿನ ಸ್ನಾಯುಗಳದ್ದು. ಬಳಸದ ಸ್ನಾಯು ಸೊರಗುತ್ತದೆ, ದೀರ್ಘ ದುಡಿಮೆಯ ಎಳೆಗಳು ಕಡಿಮೆಯಾಗುತ್ತವೆ, ನಾಲ್ಕು ಹೆಜ್ಜೆಗೇ ಆಮ್ಲ ತುಂಬುತ್ತದೆ. ಸೋತ ಸ್ನಾಯುವಿನಿಂದ ಮೆದುಳಿಗೆ ಹೋಗುವ ಸಂಕೇತ ಉಸಿರನ್ನು ಇನ್ನಷ್ಟು ಏರಿಸುತ್ತದೆ. ರೋಗಿಗೆ ಅದು ‘ಎದಿ ಹಾರೂದು’. ಮನೆಯವರಿಗೆ ಹೃದಯ ಇನ್ನೂ ಸೋತಿತೆಂಬ ಸಾಕ್ಷಿ. ಮತ್ತೆ ಮಲಗಿಸುತ್ತಾರೆ.

ಮೊದಲು, ಮೈ ಒಣಗಿದೆಯೇ?

‘ಈಗ ಕಾಲಲ್ಲಿ ಊತವಿಲ್ಲ’ ಎಂದಿದ್ದೀರಿ. ಮಲಗಿಯೇ ಇರುವವರ ಪಾದ ನೋಡಿ ಮೈ ಒಣಗಿದೆ, ಅಂದರೆ ಒಳಗೆ ನೀರು ನಿಂತಿಲ್ಲ ಎಂದು ಹೇಳಲಾಗದು. ನೀರು ತಗ್ಗಿಗೆ ಹರಿಯುತ್ತದೆ. ಮಲಗಿದವರಿಗೆ ತಗ್ಗು ಸೊಂಟದ ಹಿಂಭಾಗ. ಮಗ್ಗುಲಾಗಿಸಿ, ಬೆನ್ನಿನ ಕೆಳತುದಿಯ ಎಲುಬಿನ ಮೇಲೆ ಹೆಬ್ಬೆರಳನ್ನು ಐದಾರು ಸೆಕೆಂಡು ಒತ್ತಿ ಹಿಡಿಯಿರಿ. ಗುಳಿ ಬಿದ್ದು ಉಳಿದರೆ ನಡಿಗೆಯ ಮಾತು ಆಮೇಲೆ. ತಲೆ 45 ಡಿಗ್ರಿ ಎತ್ತಿ ಕುತ್ತಿಗೆಯ ನರ ಉಬ್ಬಿದೆಯೇ ನೋಡಿ. ಎಷ್ಟು ದಿಂಬು ಇಟ್ಟು ಮಲಗುತ್ತಾರೆ ಎಂದು ಹೆಂಡತಿಯನ್ನು ಕೇಳಿ. ಗಂಡಸರು ಒಂದೇ ಎನ್ನುತ್ತಾರೆ, ಮಡಚಿಟ್ಟ ಕೌದಿಯನ್ನು ಲೆಕ್ಕಕ್ಕೆ ತರುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ಹಾಕಿಕೊಳ್ಳುವವರಂತೆ ಮುಂದಕ್ಕೆ ಬಗ್ಗಿಸಿ. ಮೂವತ್ತು ಸೆಕೆಂಡಿನ ಒಳಗೆ ಉಸಿರು ಹತ್ತಿದರೆ ಒಳಗೆ ಒತ್ತಡ ಇನ್ನೂ ಇಳಿದಿಲ್ಲ. ಡಿಸ್ಚಾರ್ಜ್ ದಿನದ ತೂಕ ಕಾಗದದಲ್ಲಿದ್ದರೆ ಅದೇ ಅವರ ‘ಒಣ ತೂಕ’. ಕೇಸ್‌ಶೀಟಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಹಾಗೇ ಡಿಸ್ಚಾರ್ಜ್ ಕಾಗದವನ್ನು ಪೂರ್ತಿ ಓದಿ. ಸ್ಟೆಂಟ್ ಹಾಕಿದ ರಕ್ತನಾಳ ಬಿಟ್ಟು ಬೇರೆಡೆ ಬ್ಲಾಕ್ ಉಳಿಸಿದ್ದಾರೆಯೇ? ಎಕೋದಲ್ಲಿ ಹೃದಯದೊಳಗೆ ರಕ್ತದ ಗಡ್ಡೆ, ತೀವ್ರವಾಗಿ ಕಿರಿದಾದ ಅಯೋರ್ಟಿಕ್ ಕವಾಟ ಎಂದೇನಾದರೂ ಬರೆದಿದೆಯೇ? ಈಚೆಗೆ ಎಚ್ಚರ ತಪ್ಪಿ ಬಿದ್ದಿದ್ದಾರೆಯೇ? ಕೂತಲ್ಲೇ ಎದೆನೋವು, ಕೂತಲ್ಲೇ ಏದುಸಿರು, ವಿಶ್ರಾಂತಿಯಲ್ಲಿ ನಾಡಿ 100 ದಾಟಿರುವುದು, ಹೊಸದಾಗಿ ಏರುಪೇರಾದ ನಾಡಿ, ಜ್ವರ, ಮೂರು ದಿನದಲ್ಲಿ ಎರಡು ಕಿಲೋ ಏರಿದ ತೂಕ: ಇವುಗಳಲ್ಲಿ ಒಂದಿದ್ದರೂ ಅಂದು ನಡೆಸಬೇಡಿ, ವೈದ್ಯರಿಗೆ ತೋರಿಸಿ. ಉಳಿದ ಬ್ಲಾಕ್, ಗಡ್ಡೆ, ಕವಾಟ ಅಥವಾ ಎಚ್ಚರ ತಪ್ಪಿದ ಸುದ್ದಿ ಇದ್ದರೆ ಹುಬ್ಬಳ್ಳಿಯ ಹೃದ್ರೋಗ ತಜ್ಞರ ಒಪ್ಪಿಗೆ ಬೇಕು.

ಕಾರಿಡಾರಿನಲ್ಲಿ ಆರು ನಿಮಿಷ

ಟ್ರೆಡ್‌ಮಿಲ್ ಇಲ್ಲದ್ದು ದೊಡ್ಡ ಕೊರತೆಯಲ್ಲ. ಬೇಕಿರುವುದು 30 ಮೀಟರ್ ಸಪಾಟು ಕಾರಿಡಾರ್, ಅಳತೆಯ ಟೇಪು, ಎರಡು ಕುರ್ಚಿ, ಬಿಪಿ ಉಪಕರಣ, ಬೆರಳಿಗೆ ಹಾಕುವ ಆಕ್ಸಿಮೀಟರ್, ಗಡಿಯಾರ. 30 ಮೀಟರ್ ಸಿಗದಿದ್ದರೆ 20 ಆದೀತು, ಆದರೆ ಮುಂದಿನ ಸಲವೂ ಅದೇ 20 ಇರಲಿ. ತಿರುವು ಹೆಚ್ಚಿದಷ್ಟೂ ದೂರ ಕಡಿಮೆ ಬರುವುದರಿಂದ ಬೇರೆ ಬೇರೆ ಕಾರಿಡಾರಿನ ಅಂಕಿ ಹೋಲಿಸಲು ಬರುವುದಿಲ್ಲ. ಡಿಫಿಬ್ರಿಲೇಟರ್ (ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ) ಮತ್ತು ಆಕ್ಸಿಜನ್ ಎಲ್ಲಿವೆ, ಸಿಪಿಆರ್ ಬಲ್ಲ ಎರಡನೆಯವರು ಯಾರು ಎಂಬುದು ಮೊದಲೇ ಗೊತ್ತಿರಲಿ. ಹೊರರೋಗಿಗಳ ಗದ್ದಲ ಮುಗಿದ ಮಧ್ಯಾಹ್ನ ಒಳ್ಳೆಯ ಹೊತ್ತು.

ಹತ್ತು ನಿಮಿಷ ಕೂರಿಸಿ ಬಿಪಿ, ನಾಡಿ, ಆಕ್ಸಿಜನ್ ಬರೆದುಕೊಳ್ಳಿ. ‘ಆರು ನಿಮಿಷದಾಗ ಎಷ್ಟ್ ದೂರ ಆಗತೈತೋ ಅಷ್ಟು ನಡೀರಿ. ಓಡಬ್ಯಾಡ್ರಿ. ದಣಿವಾದ್ರ ನಿಂತ್ಕೋರಿ, ಮತ್ತ ಸುರು ಮಾಡ್ರಿ’ ಎಂದು ಹೇಳಿ. ನಿಂತಾಗಲೂ ಗಡಿಯಾರ ಓಡುತ್ತಿರಬೇಕು. ನೀವು ಮುಂದೆ ನಡೆಯಬೇಡಿ, ನಿಮ್ಮ ವೇಗಕ್ಕೆ ಅವರು ಕಾಲು ಹಾಕುತ್ತಾರೆ; ಒಂದು ಹೆಜ್ಜೆ ಹಿಂದಿರಿ. ನಿಮಿಷಕ್ಕೊಮ್ಮೆ ಎಷ್ಟು ಉಳಿದಿದೆ ಎಂದಷ್ಟೇ ಹೇಳಿ. ಹುರಿದುಂಬಿಸುತ್ತ ಹೋದರೆ ಅಳತೆ ಕೆಡುತ್ತದೆ. ಎದೆನೋವು, ತಾಳಲಾಗದ ಉಸಿರು, ತೂರಾಟ, ಬೆವರಿ ಮುಖ ಬಿಳಚುವುದು, ಆಕ್ಸಿಜನ್ 88ಕ್ಕಿಂತ ಕೆಳಗೆ ಹೋಗುವುದು ಕಂಡರೆ ಅಲ್ಲೇ ಕುರ್ಚಿ ಕೊಡಿ. ಮುಗಿದ ತಕ್ಷಣ ಬಿಪಿ ನೋಡಿ.

ಈ ಕೊನೆಯ ಬಿಪಿ ನಿಮಗೆ ಬಹಳ ಮುಖ್ಯ. ಕೂತಾಗ 98 ಇದ್ದದ್ದು ನಡೆದ ಮೇಲೆ 108 ಆದರೆ ಹೃದಯ ಕೆಲಸಕ್ಕೆ ತಕ್ಕಂತೆ ಏಳುತ್ತಿದೆ. ನಡೆದ ಮೇಲೆ 98ರಿಂದ 86ಕ್ಕೆ ಇಳಿದರೆ, ರೋಗಿ ‘ಏನೂ ಆಗಿಲ್ರೀ’ ಎಂದರೂ, ಮನೆ ನಡಿಗೆಗೆ ಬಿಡಬೇಡಿ. ಅಂಥವರಿಗೆ ದೊಡ್ಡ ಕೇಂದ್ರದ ಪರೀಕ್ಷೆ ಬೇಕು. ದೂರದ ಲೆಕ್ಕದಲ್ಲಿ 300 ಮೀಟರಿಗಿಂತ ಕಡಿಮೆ ಎಂದರೆ ಕಾಯಿಲೆ ಬಲವಾಗಿದೆ, ಇವರ ಮೇಲೆ ಕಣ್ಣಿಡಬೇಕು ಎಂದರ್ಥ. ಮುಂದಿನ ಪರೀಕ್ಷೆಯಲ್ಲಿ 30 ಮೀಟರ್ ಹೆಚ್ಚಿದರೂ ಅದು ನಿಜವಾದ ಸುಧಾರಣೆ. ಆರು ನಿಮಿಷ ನಡೆಯಲಾಗದವರಿಗೆ ಕುರ್ಚಿಯ ಪರೀಕ್ಷೆ ಇದೆ: ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂರುವುದು. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆಯ ಬಲ ಹೋಗಿದೆ. ಅವರ ವ್ಯಾಯಾಮ ನಡಿಗೆಯಿಂದಲ್ಲ, ಗೋಡೆಗೆ ಒರಗಿಸಿಟ್ಟ ಕುರ್ಚಿಯಿಂದ ಎದ್ದು ಕೂರುವುದರಿಂದ ಆರಂಭವಾಗಬೇಕು, ಐದೈದರಂತೆ ದಿನಕ್ಕೆ ಎರಡು ಸಲ.

ಮನೆಯ ನಡಿಗೆ

ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ‘ನಾಡಿ ಇಷ್ಟಕ್ಕೇರಲಿ’ ಎಂಬ ಗುರಿ ಉಪಯೋಗಕ್ಕೆ ಬರುವುದಿಲ್ಲ, ಗುಳಿಗೆಯೇ ನಾಡಿಯನ್ನು ಹಿಡಿದಿಡುತ್ತದೆ. ದಣಿವನ್ನು ಅಳೆಯುವ ಬೋರ್ಗ್ ಮಾಪಕದಲ್ಲಿ 6ರಿಂದ 20ರವರೆಗಿನ ಅಂಕಿಗಳಲ್ಲಿ 11ರಿಂದ 13 ನಮಗೆ ಬೇಕಾದ ದಣಿವು. ಹಳ್ಳಿಯಲ್ಲಿ ಈ ಅಂಕಿ ಬೇಡ. ನಡೆಯುವಾಗ ಜತೆಗಾರರೊಡನೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಲೂ ಬಂದರೆ ನಡಿಗೆ ಸಾಲದು, ಮಾತು ತುಂಡಾದರೆ ಹೆಚ್ಚಾಯಿತು.

ಮೊದಲ ವಾರ ಸಪಾಟು ನೆಲದಲ್ಲಿ ಐದೈದು ನಿಮಿಷ, ದಿನಕ್ಕೆ ಮೂರು ಸಲ. ಐದು ನಿಮಿಷ ಒಮ್ಮೆಲೇ ಆಗದಿದ್ದರೆ ಎರಡು ನಿಮಿಷ ನಡಿಗೆ, ಒಂದು ನಿಮಿಷ ನಿಲುಗಡೆ. ಮೂರು–ನಾಲ್ಕು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತ ಮೂರನೇ ವಾರಕ್ಕೆ ಹತ್ತು ನಿಮಿಷದಂತೆ ಎರಡು ಮೂರು ಸಲ, ಆರನೇ ವಾರಕ್ಕೆ ಹದಿನೈದು–ಇಪ್ಪತ್ತು ನಿಮಿಷ, ಹತ್ತು ಹನ್ನೆರಡು ವಾರಕ್ಕೆ ಅರ್ಧ ತಾಸು, ವಾರದಲ್ಲಿ ಐದು ದಿನ. ಮೊದಲು ನಿಮಿಷ ಹೆಚ್ಚಲಿ, ವೇಗ ಕೊನೆಗೆ. ನಡಿಗೆಯ ಆರಂಭ ಮತ್ತು ಕೊನೆ ನಿಧಾನವಾಗಿರಲಿ. ನಡಿಗೆ ಮುಗಿಸಿ ಒಮ್ಮೆಲೇ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ, ಬಿಪಿ 98 ಇರುವವರಿಗೆ ಇನ್ನೂ ಬೇಗ. ನಡೆದ ಒಂದು ತಾಸಿನಲ್ಲಿ ದಣಿವು ಇಳಿಯಬೇಕು. ಮರುದಿನವೂ ಮೈ ಭಾರವಿದ್ದರೆ ಹಿಂದಿನ ವಾರದ ಅಳತೆಗೆ ಇಳಿಸಿ.

ಉಂಡ ಮೇಲೆ ಒಂದೂವರೆ ತಾಸಾದರೂ ಬಿಡಬೇಕು. ಏಪ್ರಿಲ್–ಮೇದಲ್ಲಿ ಬೆಳಿಗ್ಗೆ ಎಂಟರ ಒಳಗೆ ಮುಗಿಸಬೇಕು. ಮಳೆ ಬಿದ್ದ ಮೇಲೆ ಎರೆಮಣ್ಣಿನ ದಾರಿ ಬೇಡ. ಚಪ್ಪಲಿಗೆ ಹತ್ತಿದ ಮಣ್ಣೇ ಕಾಲಿಗೆ ಭಾರ, ಜಾರಿ ಬಿದ್ದರೆ ಆಸ್ಪಿರಿನ್–ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲುವುದು ತಡ. ಶಾಲೆಯ ವರಾಂಡ, ಗುಡಿಯ ಅಂಗಳ ಒಳ್ಳೆಯ ಜಾಗ. ನಾಲ್ಕನೇ ವಾರದಿಂದ ಅರ್ಧ ಲೀಟರಿನ ನೀರು ತುಂಬಿದ ಬಾಟಲಿ ಹಿಡಿದು ಕೈ ಎತ್ತಿಳಿಸುವ ವ್ಯಾಯಾಮ ಸೇರಿಸಬಹುದು, ಹತ್ತತ್ತು ಸಲ. ಎತ್ತುವಾಗ ಉಸಿರು ಬಿಡಬೇಕು. ಉಸಿರು ಹಿಡಿದು ಬಿಗಿದರೆ ಎದೆಯೊಳಗಿನ ಒತ್ತಡ ಒಮ್ಮೆಲೇ ಏರಿ ಬಿಪಿ ತಟಕ್ಕನೆ ಬೀಳುತ್ತದೆ.

ಯೋಗ ಮಾಡಿಸಲೇ ಎಂದೂ ಕೆಲವರು ಕೇಳುತ್ತಾರೆ. ಅಟ್ಯಾಕ್ ಆದವರಿಗೆ ಯೋಗ ಆಧರಿಸಿದ ಪುನಶ್ಚೇತನವನ್ನು ಭಾರತದ 24 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಯೋಗ-ಕೇರ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಜನ ಮೊದಲಿನ ಕೆಲಸಗಳಿಗೆ ಮರಳುವುದು ಸುಧಾರಿಸಿತು. ಮತ್ತೆ ಅಟ್ಯಾಕ್, ಸಾವು ಕಡಿಮೆಯಾಯಿತೆಂದು ಸಾಬೀತಾಗಲಿಲ್ಲ. ಕುರ್ಚಿಯ ಮೇಲಿನ ಸರಳ ಆಸನ, ನಿಧಾನ ಉಸಿರಾಟ ಆದೀತು. ಕಪಾಲಭಾತಿ, ಕುಂಭಕ, ತಲೆಕೆಳಗಾದ ಆಸನ ಬೇಡ.

ಹಾಗಾದರೆ ಎಲ್ಲಿ ಮಾಡಿಸುವುದು? ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಕಳಿಸಿ ಮೇಲ್ವಿಚಾರಣೆಯಲ್ಲಿ 36 ಸಲ ಮಾಡಿಸುವುದು ಪುಸ್ತಕದ ಉತ್ತಮ ದಾರಿ, ಆದರೆ ಬಸ್ಸಿನ ಖರ್ಚು, ಜತೆಗೆ ಬರುವವರ ಕೂಲಿ ಸೇರಿ ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಪೂರ್ತಿ ಮನೆಗೇ ಬಿಟ್ಟರೆ ಮೊದಲ ದಿನಗಳ ಬಿಪಿ ಇಳಿತ, ಲಯತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಸಲಹೆ ನಡುವಿನದು: ಮೊದಲ ಐದಾರು ನಡಿಗೆ ನಿಮ್ಮ ಕಾರಿಡಾರಿನಲ್ಲಿ, ಮುಂದೆ ಮನೆಯಲ್ಲಿ, ವಾರಕ್ಕೊಮ್ಮೆ ಫೋನು, ತಿಂಗಳಿಗೊಮ್ಮೆ ಆರು ನಿಮಿಷದ ಪರೀಕ್ಷೆ.

ಬಿಪಿ 98ಕ್ಕೆ ಹೆದರಿ ಕತ್ತರಿ ಹಾಕಬೇಡಿ

ತಲೆ ಸುತ್ತದ, ಮೂತ್ರ ಸರಿಯಾಗಿ ಹೋಗುವ, ಕೈಕಾಲು ಬೆಚ್ಚಗಿರುವ ಮನುಷ್ಯನಲ್ಲಿ ಬಿಪಿ 98 ಎಂಬುದು ರಾಮಿಪ್ರಿಲ್ ನಿಲ್ಲಿಸಲು ಕಾರಣವಲ್ಲ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಇಳಿದರೆ, ಅಥವಾ 90ರ ಕೆಳಗಿದ್ದು ಕಣ್ಣು ಕತ್ತಲೆ ಬರುತ್ತಿದ್ದರೆ ಆಗ ಯೋಚನೆ. ಆಗಲೂ ಮೊದಲು ತೆಗೆಯಬೇಕಾದ್ದು ಹೃದಯಕ್ಕೆ ಲಾಭವಿಲ್ಲದ ಔಷಧ: ಹಳೆಯ ಚೀಟಿಯ ಆಮ್ಲೊಡಿಪಿನ್, ಬೇಕಿಲ್ಲದ ನೈಟ್ರೇಟ್ (ಎದೆನೋವಿನ ಗುಳಿಗೆ), ಪ್ರಾಸ್ಟೇಟಿಗೆ ಕೊಟ್ಟ ಗುಳಿಗೆ. ಆಮೇಲೆ, ಮೈ ನಿಜಕ್ಕೂ ಒಣಗಿದ್ದರೆ, ಫ್ಯುರೊಸೆಮೈಡ್ 40ರಿಂದ 20ಕ್ಕೆ. ರಾಮಿಪ್ರಿಲ್ ರಾತ್ರಿಗೂ ಮೆಟೊಪ್ರೊಲಾಲ್ ಬೆಳಿಗ್ಗೆಗೂ ಹಾಕಿದರೆ ಎಷ್ಟೋ ಸಲ ತಲೆಸುತ್ತು ನಿಲ್ಲುತ್ತದೆ. ಕ್ರಮ ಉಲ್ಟಾ ಆದರೆ, ಜೀವ ಉಳಿಸುವ ಗುಳಿಗೆ ಹೋಗಿ ಬರೀ ನೀರಿಳಿಸುವ ಗುಳಿಗೆ ಉಳಿಯುತ್ತದೆ.

ನಿಲ್ಲಿಸುವುದಿರಲಿ, ಇವರ ಪ್ರಮಾಣಗಳು ಇನ್ನೂ ಏರಬೇಕಿದೆ. ಮೆಟೊಪ್ರೊಲಾಲ್ 25 ಆರಂಭದ ಪ್ರಮಾಣ, ಗುರಿ 200. ನಾಡಿ 74 ಇದೆ. ಮೈ ಒಣಗಿದ್ದರೆ ವೈದ್ಯರು ಮೊದಲು ಏರಿಸಬಹುದಾದದ್ದು ಇದನ್ನೇ, 50ಕ್ಕೆ, ಎರಡು ವಾರ ನೋಡಿ ಮುಂದಕ್ಕೆ. ಗುಳಿಗೆಯ ಪಟ್ಟಿಯ (ಸ್ಟ್ರಿಪ್) ಮೇಲೆ ‘ಸಕ್ಸಿನೇಟ್’ ಎಂದಿರಬೇಕು. ‘ಟಾರ್ಟ್ರೇಟ್’ ಅಂಗಡಿಯಲ್ಲಿ ಅದೇ ಹೆಸರಲ್ಲಿ ಸಿಗುತ್ತದೆ, ಹೃದಯ ವೈಫಲ್ಯಕ್ಕೆ ಅದು ಬದಲಿಯಲ್ಲ. ಮುಂದೆ ರಾಮಿಪ್ರಿಲ್ ಬದಲು ಸಕ್ಯೂಬಿಟ್ರಿಲ್–ವಾಲ್ಸಾರ್ಟನ್ ಬರೆದರೆ ನಡುವೆ 36 ತಾಸು ಖಾಲಿ ಬಿಡಬೇಕು. ಮನೆಯಲ್ಲಿ ಉಳಿದ ರಾಮಿಪ್ರಿಲ್ ಪಟ್ಟಿಯನ್ನು ವಾಪಸು ತರಿಸಿಕೊಳ್ಳಿ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದರೆ ನಾಲಿಗೆ, ಗಂಟಲು ಬಾತು ಉಸಿರು ಕಟ್ಟಬಹುದು.

ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲೇ ಪ್ರಮಾಣ ಏರಿಸುವುದು ಎಷ್ಟು ಮುಖ್ಯ ಎಂಬುದನ್ನು 2022ರ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನ ತೋರಿಸಿದೆ. ಎರಡು ವಾರದಲ್ಲೇ ಪೂರ್ಣ ಪ್ರಮಾಣದತ್ತ ಏರಿಸಿ, 1, 2, 3, 6ನೇ ವಾರ ಕರೆದು ನೋಡಿದವರಲ್ಲಿ ಆರು ತಿಂಗಳೊಳಗಿನ ಸಾವು ಅಥವಾ ಮರುದಾಖಲೆ 15.2%, ಎಂದಿನಂತೆ ಬಿಟ್ಟವರಲ್ಲಿ 23.3%. ಬಿಪಿ 98 ಇರುವವರಲ್ಲಿ ಅಷ್ಟು ವೇಗ ಆಗದು; ಕರೆದು ನೋಡುವುದಂತೂ ಆದೀತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಅಟ್ಯಾಕ್ ಆದ ಗಳಿಗೆಗೆ ತಾಲ್ಲೂಕಿನಲ್ಲೇ ಇಸಿಜಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಂದಿದೆ. ಆಮೇಲಿನ ಈ ವಾರಗಳು ನಿಮ್ಮಂಥವರ ಕೈಯಲ್ಲೇ ಇವೆ.

ಪೊಟ್ಯಾಸಿಯಂ ಏರಿಸಬಲ್ಲ ಸ್ಪೈರೊನೊಲ್ಯಾಕ್ಟೋನ್ ಇರುವವರೆಗೆ, ಪ್ರಮಾಣ ಬದಲಿಸಿದ ಒಂದು ಮತ್ತು ನಾಲ್ಕನೇ ವಾರ ರಕ್ತಪರೀಕ್ಷೆ. ಪೊಟ್ಯಾಸಿಯಂ 5.5 ದಾಟಿದರೆ ಅರ್ಧ, 6 ದಾಟಿದರೆ ನಿಲ್ಲಿಸಿ ಅಂದೇ ಇಸಿಜಿ. ಕ್ರಿಯಾಟಿನಿನ್ 1.2 ಇದ್ದದ್ದು 1.5 ಆದರೆ ಗಾಬರಿ ಬೇಡ. ಡಪಾಗ್ಲಿಫ್ಲೋಜಿನ್ ಬಗ್ಗೆ ಒಂದು ಮಾತು: ‘ನಮಗ ಶುಗರ್ ಇಲ್ಲಲ್ರೀ’ ಎಂದು ಮನೆಯವರೇ ನಿಲ್ಲಿಸುವ ಗುಳಿಗೆ ಇದು. ಶುಗರ್ ಇಲ್ಲದವರಿಗೂ ಇದು ಹೃದಯದ ಔಷಧ ಎಂದು ಪಟ್ಟಿಯ ಮೇಲೇ ಬರೆದುಕೊಡಿ. ವಾಂತಿ–ಭೇದಿ ಆದ ದಿನ, ಹನಿ ನೀರಿಲ್ಲದ ಉಪವಾಸದ ದಿನ ಮಾತ್ರ ಇದು, ಫ್ಯುರೊಸೆಮೈಡ್, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ತಾತ್ಕಾಲಿಕವಾಗಿ ನಿಲ್ಲಬೇಕಾದೀತು. ಅಂದೇ ನಿಮಗೆ ಫೋನ್ ಮಾಡಲಿ.

ಬಸ್ಸಿನ ದಿನ

ಮೂತ್ರದ ಗುಳಿಗೆ ತಪ್ಪಿಸುವವರನ್ನು ಬೈದು ಪ್ರಯೋಜನವಿಲ್ಲ. ಹಳ್ಳಿಯಿಂದ ತಾಲ್ಲೂಕಿಗೆ ಎರಡು ತಾಸು ಬಸ್ಸು, ನಿಲ್ದಾಣದ ಶೌಚಾಲಯದ ಸ್ಥಿತಿ ಗೊತ್ತೇ ಇದೆ. ಫ್ಯುರೊಸೆಮೈಡ್ ನುಂಗಿದ ಅರ್ಧದಿಂದ ಒಂದು ತಾಸಿಗೆ ಕೆಲಸ ಆರಂಭಿಸಿ ಸುಮಾರು ಆರು ತಾಸು ನಡೆಯುತ್ತದೆ. ಹಾಗಾಗಿ ಮನೆ ಮುಟ್ಟಿದ ಮೇಲೆ, ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ನುಂಗಿದರೂ ಆಯಿತು. ರಾತ್ರಿ ಬೇಡ, ನಿದ್ದೆಗಣ್ಣಲ್ಲಿ ಅಂಗಳಕ್ಕೆ ಹೋಗಿ ಬೀಳುತ್ತಾರೆ. ನಡಿಗೆಗೂ ಇದೇ ಲೆಕ್ಕ, ಗುಳಿಗೆ ಹಾಕಿದ ಮೊದಲ ಎರಡು ತಾಸು ಊರ ದಾರಿ ಹಿಡಿಯುವುದು ಬೇಡ.

ತೂಕದ ಯಂತ್ರವೊಂದು ಮನೆಯಲ್ಲಿ ಬೇಕೇಬೇಕು. ಬೆಳಿಗ್ಗೆ ಎದ್ದು ಮೂತ್ರ ಮಾಡಿ, ಚಹಾ ಕುಡಿಯುವ ಮೊದಲು, ಅದೇ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ. ಸೆಗಣಿ ಸಾರಿಸಿದ ಏರಿಳಿತದ ನೆಲದಲ್ಲಿ ಅದೇ ಯಂತ್ರ ಒಂದು ಕಿಲೋ ಆಚೀಚೆ ತೋರಿಸುತ್ತದೆ, ಒಂದು ಬಂಡೆಗಲ್ಲು ಗೊತ್ತು ಮಾಡಿಕೊಳ್ಳಲಿ. ಒಣ ತೂಕಕ್ಕಿಂತ ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್. ಆಗ ಫ್ಯುರೊಸೆಮೈಡ್ ಎಷ್ಟು ದಿನ ಇಮ್ಮಡಿ ಮಾಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಚೀಟಿಯಲ್ಲಿ ಬರೆಸಿಡಿ. ಮೂರು ದಿನಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಬರಬೇಕು.

ಉಪ್ಪು, ನೀರು, ನೋವಿನ ಗುಳಿಗೆ

ಉಪ್ಪಿಲ್ಲದ ಊಟ ಹೇಳಬೇಡಿ. 2022ರ ಸೋಡಿಯಂ-ಎಚ್‌ಎಫ್ ಅಧ್ಯಯನದಲ್ಲಿ ಸೋಡಿಯಂ ಅನ್ನು 1,500 ಮಿ.ಗ್ರಾಂ ಒಳಗೆ ತರಲು ಹೊರಟವರಲ್ಲಿ ಸಾವು, ದಾಖಲೆ ಕಡಿಮೆಯಾಗಲಿಲ್ಲ. ಸಪ್ಪೆ ಊಟಕ್ಕೆ ಬೇಸತ್ತು ಉಣ್ಣುವುದನ್ನೇ ಬಿಟ್ಟವರ ಸ್ನಾಯು ಮತ್ತಷ್ಟು ಕರಗುತ್ತದೆ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ. ನಮ್ಮ ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕದಿರುವುದು ಒಳ್ಳೆಯದೇ ಆಯಿತು. ಪಲ್ಯಕ್ಕೆ ಸ್ವಲ್ಪ ಉಪ್ಪು ಇರಲಿ. ಬಿಡಬೇಕಾದ್ದು ರೊಟ್ಟಿಯ ಪಕ್ಕದಲ್ಲಿ ಕೂರುವವು: ಕೆಂಪು ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಸಂಜೆಯ ಗಿರಮಿಟ್ ಜತೆಗಿನ ಮಿರ್ಚಿಯಲ್ಲಿ ಉಪ್ಪಿನೊಂದಿಗೆ ಅಡುಗೆ ಸೋಡಾವೂ ಇದೆ, ಅದೂ ಸೋಡಿಯಂ. ‘ಗ್ಯಾಸ್’ ಎಂದು ನೀರಲ್ಲಿ ಕದಡಿ ಕುಡಿಯುವ ಸೋಡಾ ಪುಡಿಯ ಒಂದು ಪೊಟ್ಟಣ ಸುಮಾರು ಎರಡು ಗ್ರಾಂ ಉಪ್ಪಿಗೆ ಸಮ, ಅದನ್ನು ಯಾರೂ ಉಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಕಡಿಮೆ ಸೋಡಿಯಂ ಉಪ್ಪು’ ಇವರಿಗೆ ಬೇಡ, ಅದರಲ್ಲಿ ಪೊಟ್ಯಾಸಿಯಂ ಇದೆ. ನೋಡಲು ಬಂದವರು ತರುವ ಎಳನೀರೂ ಹಾಗೇ. ಸ್ಪೈರೊನೊಲ್ಯಾಕ್ಟೋನ್ ಮತ್ತು ರಾಮಿಪ್ರಿಲ್ ಎರಡೂ ಇರುವವರಿಗೆ ದಿನಾ ಕುಡಿಸಬೇಡಿ.

ನೀರು ಒಂದೂವರೆಯಿಂದ ಎರಡು ಲೀಟರ್, ಚಹಾ, ಮಜ್ಜಿಗೆ, ಸಾರು ಸೇರಿ. ಇದೂ ಕಲ್ಲಿನ ಗೆರೆಯಲ್ಲ. ಸ್ಥಿರವಾಗಿರುವ ರೋಗಿಗಳಲ್ಲಿ ನೀರಿಗೆ ಮಿತಿ ಹಾಕಿದ್ದರಿಂದ ವಿಶೇಷ ಲಾಭವಿಲ್ಲ, ಬಾಯಾರಿಕೆ ಮಾತ್ರ ಹೆಚ್ಚು ಎಂದು 2025ರ ಫ್ರೆಶ್-ಅಪ್ ಅಧ್ಯಯನ ಹೇಳಿದೆ. ಅದು ನಡೆದದ್ದು ನೆದರ್ಲೆಂಡ್ಸಿನಲ್ಲಿ. ಗದಗ–ಹಾವೇರಿಯ ಮೇ ತಿಂಗಳ ಬಿಸಿಲಿಗೆ ಇನ್ನೂ ಸಡಿಲ ಬೇಕು. ತೂಕ ನೋಡಿಕೊಂಡು ಹೇಳಿ.

ಮರುದಾಖಲೆಯ ಕಾರಣ ಹುಡುಕುವಾಗ ‘ಮೊಣಕಾಲು ನೋವಿಗೆ ಇಂಜೆಕ್ಷನ್ ಮಾಡಿಸಿದ್ರೇನ್ರೀ?’ ಎಂದು ನೇರವಾಗಿ ಕೇಳಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಏಸಿಕ್ಲೊಫೆನಾಕ್ ಮೂತ್ರಪಿಂಡದಲ್ಲಿ ಉಪ್ಪು–ನೀರು ಹಿಡಿದಿಡುತ್ತವೆ, ಫ್ಯುರೊಸೆಮೈಡಿನ ಕೆಲಸ ಕೆಡಿಸುತ್ತವೆ, ರಾಮಿಪ್ರಿಲ್ ಜತೆ ಸೇರಿ ಕ್ರಿಯಾಟಿನಿನ್ ಏರಿಸುತ್ತವೆ. ಸ್ಟಿರಾಯ್ಡ್ ಗುಳಿಗೆ, ಶುಗರಿನ ಪಯೊಗ್ಲಿಟಜೋನ್ ಕೂಡ ನೀರು ನಿಲ್ಲಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಹಾಗೇ, ಮೈ ಒಣಗಿದ್ದೂ ದಣಿವು ಉಳಿದರೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ನೋಡಿಸಿ. 100ಕ್ಕಿಂತ ಕಡಿಮೆಯಿದ್ದರೆ ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಕೊರತೆ; ಇವರಲ್ಲಿ ಕಬ್ಬಿಣದ ಗುಳಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ರಕ್ತನಾಳದ ಮೂಲಕವೇ ಕೊಡಬೇಕು.

ಹೊಲಕ್ಕೆ ಯಾವಾಗ?

ಹೊಲಕ್ಕೆ ಹೋಗುವುದು ಬೇರೆ, ಹೊಲದ ಕೆಲಸ ಬೇರೆ. ಅರ್ಧ ತಾಸು ಮಾತು ತುಂಡಾಗದೆ ನಡೆಯುವ ಹೊತ್ತಿಗೆ ಬದುವಿನ ಮೇಲೆ ನಿಂತು ಬಿತ್ತಿಗೆ ನೋಡಿಕೊಳ್ಳಲಿ, ಬೀಜ ಹಸನು ಮಾಡಲಿ, ಎತ್ತುಗಳಿಗೆ ಹೊಟ್ಟು ಹಾಕಲಿ. ನಿಂತ ಕೆಲಸಕ್ಕಿಂತ ಬಗ್ಗಿ ಮಾಡುವ ಕಳೆ ತೆಗೆಯುವ ಕೆಲಸ ಹೆಚ್ಚು ಉಸಿರು ಕೇಳುತ್ತದೆ. ಹತ್ತು ನಿಮಿಷ ಮಾಡಿ ಐದು ನಿಮಿಷ ಕೂರಲಿ. ಕೂರಿಗೆ, ಕುಂಟಿ ಈ ಮುಂಗಾರಿಗೆ ಮಗನ ಕೈಗೇ. ಚೀಲ ಹೊರುವುದು ಬೇಡ. 16 ಲೀಟರಿನ ಪಂಪು ಬೆನ್ನಿಗೆ ಕಟ್ಟಿ ಔಷಧ ಹೊಡೆಯುವುದಂತೂ ಬೇಡವೇ ಬೇಡ: ಭಾರ, ಬಿಸಿಲು, ವಿಷ ಮೂರೂ ಅಲ್ಲಿವೆ. ಮೂರು ಫೇಸ್ ಕರೆಂಟು ಬಂತೆಂದು ನಡುರಾತ್ರಿ ಒಬ್ಬರೇ ಮೋಟಾರ್ ಹಚ್ಚಲು ಹೋಗುವುದನ್ನೂ ಕೇಳಿ ನಿಲ್ಲಿಸಿ. ಇದನ್ನು ಅವರು ಕೆಲಸವೆಂದೇ ಎಣಿಸುವುದಿಲ್ಲ.

ಔಷಧಗಳು ತಾಳುವಷ್ಟು ಪೂರ್ಣ ಪ್ರಮಾಣಕ್ಕೆ ಬಂದು ಮೂರು ತಿಂಗಳಾದ ಮೇಲೆ ಮತ್ತೆ ಎಕೋ ಆಗಬೇಕು. ಆಗಲೂ ಇ.ಎಫ್. 35 ಅಥವಾ ಅದಕ್ಕೂ ಕಡಿಮೆ ಇದ್ದರೆ ಎದೆಯೊಳಗೆ ಕೂರಿಸುವ ಡಿಫಿಬ್ರಿಲೇಟರಿನ ಮಾತು ಬರುತ್ತದೆ. ಇಸಿಜಿಯಲ್ಲಿ ಎಡ ಬಂಡಲ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ತಡವಾಗಿ ಮುಟ್ಟುವುದು) ಇದ್ದು ಕ್ಯುಆರ್‌ಎಸ್ ಅಲೆಯ ಅಗಲ 150 ಮಿಲಿಸೆಕೆಂಡ್ ದಾಟಿದ್ದರೆ ಬೇರೆ ಬಗೆಯ ಪೇಸ್‌ಮೇಕರ್ ಉಪಯೋಗಕ್ಕೆ ಬರಬಹುದು. ಹಾಗಾಗಿ ಹುಬ್ಬಳ್ಳಿಗೆ ಕಳಿಸುವಾಗ ಇಸಿಜಿ, ತೂಕದ ಪುಸ್ತಕ, ಆರು ನಿಮಿಷದ ದೂರಗಳು, ಯಾವ ಗುಳಿಗೆ ಯಾವ ದಿನ ಎಷ್ಟಕ್ಕೇರಿತು ಎಂಬ ಒಂದು ಹಾಳೆ ಜತೆಗಿರಲಿ. ‘ನೋ ಇಂಪ್ರೂವ್‌ಮೆಂಟ್’ ಎಂಬ ಒಂದು ಸಾಲಿನ ಚೀಟಿಯಿಂದ ಅಲ್ಲಿನವರು ಏನೂ ತೀರ್ಮಾನಿಸಲಾರರು.

ಮೊದಲ ನಡಿಗೆಯ ದಿನ ಹೆಂಡತಿಯನ್ನು ಹೊರಗೆ ಕೂರಿಸಬೇಡಿ. ಕಾರಿಡಾರಿನ ತುದಿಯಲ್ಲಿ ಇನ್ನೊಂದು ಕುರ್ಚಿ ಹಾಕಿ, ಗಡಿಯಾರ ಅವರ ಕೈಯಲ್ಲಿ ಕೊಡಿ, ನಿಮಿಷ ಅವರೇ ಎಣಿಸಲಿ. ನಡೆದು ಬಂದು ಕೂತ ಗಂಡನ ನಾಡಿ ಎಲ್ಲಿ ಹಿಡಿಯಬೇಕೆಂದು ತೋರಿಸಿ. ನಾಳೆಯಿಂದ ಮನೆಯಲ್ಲಿ ಜತೆಗೆ ನಡೆಯುವವರು, ತೂಕ ಬರೆದಿಡುವವರು, ಫೋನ್ ಮಾಡುವವರು ಅವರೇ. ತೂಕದ ಪುಸ್ತಕದ ರಟ್ಟಿನ ಮೇಲೆ ನಿಮ್ಮ ಕ್ಲಿನಿಕ್ಕಿನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ.